ಒತ್ತಿದ ಜಾಗ, ಬಿದ್ದ ಚುಕ್ಕಿ

ಜನವರಿ 9

ಅಳಿಯಂದಿರಿಗೆ,

ಈ ಪದವನ್ನು ಬರೆದು, ಹೊಡೆದುಹಾಕಿ, ಹಾಳೆ ಬದಲಾಯಿಸಿ ಮತ್ತೆ ಅದನ್ನೇ ಬರೆದಿದ್ದೇನೆ. ಕೋರ್ಟಿನವರ ಲೆಕ್ಕದಲ್ಲಿ ನೀವೀಗ ನನಗೆ ಏನೂ ಆಗಬೇಕಾದವರಲ್ಲ. ಆದರೆ ಬೇರೆ ಏನಂತ ಕರೆಯಲಿ? ಇಷ್ಟು ವರ್ಷ ನಾಲಿಗೆಗೆ ರೂಢಿಯಾದದ್ದು ಒಂದು ಸಹಿಗೆ ಹೆದರಿ ಓಡಿಹೋಗುತ್ತದೆಯೇ? ಬೇಜಾರಾದರೆ ಆ ಪದ ಬಿಟ್ಟು ಮುಂದಿನದನ್ನು ಓದಿ.

ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುತ್ತದೆ, ಒಂದು ಉಪಕಾರ ಕೇಳುವುದಿತ್ತು.

ಬುಗುರಿಯ ಶಾಲೆಯಲ್ಲಿ ಮಾರ್ಚ್ ತಿಂಗಳು ಮಕ್ಕಳ ಪ್ರದರ್ಶನವಿದೆ. (ನಿಮ್ಮ ಮಗಳಿಗೆ ಆ ಅಡ್ಡಹೆಸರು ಇಟ್ಟವರು ನೀವೇ. ಈಗಲೂ ಅವಳು ಒಂದು ಕಡೆ ನಿಂತಿದ್ದನ್ನು ನಾನು ನೋಡಿಲ್ಲ.) ಒಂದೊಂದು ಮಗುವೂ ಏನಾದರೂ ಮಾಡಿ ತೋರಿಸಬೇಕಂತೆ. ಇವಳು ಕಂಪ್ಯೂಟರಿನಲ್ಲಿ ಗ್ರಾಫ್ ಹಾಕುವ ಪ್ರೋಗ್ರಾಂ ತರುತ್ತೇನೆಂದು ಟೀಚರಿಗೆ ಹೇಳಿ ಬಂದಿದ್ದಾಳೆ. ನೋಡಲು ಬಂದವರ ವಯಸ್ಸು ಕೇಳುವುದು, ಗೋಡೆಗೆ ಒರಗಿಸಿ ಎತ್ತರ ಅಳೆಯುವುದು, ಆ ವಯಸ್ಸು ಆ ಎತ್ತರ ಕೂಡುವ ಜಾಗದಲ್ಲಿ ಮೌಸ್ ಒತ್ತುವುದು. ಒತ್ತಿದರೆ ಅಲ್ಲೊಂದು ಚುಕ್ಕಿ ಬೀಳಬೇಕು. ಸಂಜೆಯ ಹೊತ್ತಿಗೆ ಬಂದವರೆಲ್ಲ ಚುಕ್ಕಿಗಳಾಗಿ ಪರದೆಯ ಮೇಲೆ ನಿಂತಿರಬೇಕು. ಅವಳ ಆಸೆ ಇಷ್ಟೇ.

"ಯಾರು ಬರೆದುಕೊಡ್ತಾರೆ ನಿಂಗೆ?" ಅಂದೆ. "ತಾತ, ನೀನು ಅಷ್ಟುದ್ದದ ಲಿಫ್ಟ್‌ಗಳನ್ನ ರಿಪೇರಿ ಮಾಡ್ತಿದ್ದೆ, ಒಂದು ಚುಕ್ಕಿ ಇಡೋಕಾಗಲ್ವಾ?" ಅಂದಳು. ನನಗೂ ಜಂಭ. "ಆಗ್ದೆ ಏನು!" ಅಂದುಬಿಟ್ಟೆ. ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಕೂತೆ. ನೋಡಿ ನೋಡಿ ಟೈಪ್ ಮಾಡಿದ್ದಕ್ಕೆ ಪರದೆಯಲ್ಲಿ ಒಂದು ಕಿಟಕಿ ತೆರೆಯುತ್ತದೆ, ಅಡ್ಡ ಗೆರೆ ಉದ್ದ ಗೆರೆ ಬರುತ್ತವೆ. ಅಲ್ಲಿಗೆ ಮುಗೀತು ಕಥೆ. ಮೌಸ್ ಎಷ್ಟು ಒತ್ತಿದರೂ ಕಲ್ಲಿನ ಹಾಗೆ ಸುಮ್ಮನಿರುತ್ತದೆ.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ಫೋನು ಮನೆಯವರೆಲ್ಲರ ಕೈಯಲ್ಲೂ ಓಡಾಡುತ್ತದೆ. ನಿಮ್ಮನ್ನು ಏನೊಂದೂ ಕೇಳಕೂಡದು ಅಂತ ನನ್ನ ಮಗಳ ಕಟ್ಟಪ್ಪಣೆ. ನೀವು ಭಾನುವಾರ ಬರುವುದನ್ನು ನಿಲ್ಲಿಸಿದ ಮೇಲಂತೂ ಮನೆಯಲ್ಲಿ ನಿಮ್ಮ ಸುದ್ದಿ ಎತ್ತುವ ಹಾಗಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಹೇಳಿಕಳಿಸಿದಿರಿ. ಇರಲಿ, ನಾನು ಅದನ್ನು ಕೆದಕಲು ಬರೆಯುತ್ತಿಲ್ಲ.

ದಿನವಿಡೀ ಡಬ್ಬಿ ಮುಂದೆ ಕೂತು ಟಿಕ್ ಟಿಕ್ ಅನ್ನಿಸೋದೂ ಒಂದು ಕೆಲಸವೇ ಎಂದು ನಿಮ್ಮೆದುರಿಗೇ ಅಂದವನು ನಾನು. ಈಗ ಅದೇ ಟಿಕ್ಕಿಗೆ ನಿಮ್ಮ ಕಾಲು ಹಿಡಿಯಬೇಕಾಗಿದೆ. ನಗಬೇಕೆನಿಸಿದರೆ ನಕ್ಕುಬಿಡಿ.

ಉತ್ತರವನ್ನು ಮನೆಗೆ ಹಾಕಬೇಡಿ. ನಾನು ಕೆಲಸ ಮಾಡುತ್ತಿದ್ದ ಲಿಫ್ಟ್ ಅಂಗಡಿಯ ವಿಳಾಸ ಹಿಂದೆ ಬರೆದಿದ್ದೇನೆ, ಅಲ್ಲಿಗೆ ಹಾಕಿ.

ಕೇಳಲು ಮುಖವಿಲ್ಲದೆಯೂ ಕೇಳುತ್ತಿರುವ,
ಬುಗುರಿಯ ತಾತ


ಜನವರಿ 20

ಮಾವನವರಿಗೆ,

ನಿಮ್ಮ ಅಕ್ಷರ ನೋಡಿದ ಕೂಡಲೇ ಹೆದರಿದೆ, ಮಗುವಿಗೆ ಏನಾಯಿತೋ ಎಂದು. ಓದಿದ ಮೇಲೆ ಉಸಿರು ಬಿಟ್ಟೆ. ನಾನು ನಗಲಿಲ್ಲ.

ನೀವು ಬರೆದದ್ದರಲ್ಲಿ ತಪ್ಪಿಲ್ಲ, ಒಂದು ತುಂಡು ಕಡಿಮೆಯಿದೆ. ಪ್ರೋಗ್ರಾಂ ಕಿಟಕಿ ತೆರೆದು ಕೂತಿದೆ, ಆದರೆ ಮೌಸ್ ಒತ್ತಿದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಟ್ಟಿಲ್ಲ. ಲಿಫ್ಟಿಗೆ ಬಟನ್ ಕೂರಿಸಿ ವೈರ್ ಎಳೆಯದೆ ಬಿಟ್ಟ ಹಾಗೆ. "ಒತ್ತಿದರೆ ಈ ಕೆಲಸ ಮಾಡು" ಎನ್ನುವ ಸಾಲೊಂದು ಬೇಕು. ಒತ್ತಿದಾಗ ಕಂಪ್ಯೂಟರು ಎರಡು ಸಂಖ್ಯೆ ಕೊಡುತ್ತದೆ, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು. ಅದನ್ನು ವಯಸ್ಸು, ಎತ್ತರ ಎಂದು ಇಟ್ಟುಕೊಂಡು ಆಮೇಲೆ ಚುಕ್ಕಿ ಬರೆಯಬೇಕು. ಮೌಸಿನ ಬಲಗಡೆ ಬಟನ್ ಒತ್ತಿದರೆ ಕೊನೆಯ ಚುಕ್ಕಿ ಅಳಿಸುವ ಹಾಗೂ ಮಾಡಿದ್ದೇನೆ. ಎಲ್ಲ ಸಾಲುಗಳನ್ನೂ ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ, ಇದ್ದ ಹಾಗೇ ಟೈಪ್ ಮಾಡಿ. ಸಾಲಿನ ಮುಂದೆ ಬಿಟ್ಟ ಜಾಗವನ್ನೂ ಅಷ್ಟೇ ಬಿಡಬೇಕು.

ನಾನು ಬರೆದುಕೊಟ್ಟೆನೆಂದು ಅವಳಿಗೆ ಹೇಳಬೇಡಿ. ನೀವೇ ಬರೆದಿರೆಂದರೆ ಅವಳಿಗೆ ಹೆಚ್ಚು ಖುಷಿಯಾಗುತ್ತದೆ.

ಅವಳು ಈಗ ಎಷ್ಟೆತ್ತರ ಆಗಿದ್ದಾಳೆ? ಬರೆಯಬೇಕೆನಿಸಿದರೆ ಮಾತ್ರ ಬರೆಯಿರಿ.

ಇತಿ,
ನಿಮ್ಮ ಅಳಿಯ (ನೀವೇ ಹಾಗೆ ಕರೆದದ್ದರಿಂದ)


ಫೆಬ್ರವರಿ 2

ಅಳಿಯಂದಿರಿಗೆ,

ನಿಮ್ಮ ಪ್ರೋಗ್ರಾಮಿಗೆ ಜೀವ ಬಂತು. ಬಂದದ್ದು ಯಾವ ಥರದ ಜೀವವೋ ಗೊತ್ತಾಗುತ್ತಿಲ್ಲ.

ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಮೂರು ಮಧ್ಯಾಹ್ನ ಹಿಡಿಯಿತು. ಬುಗುರಿ ಪಕ್ಕದಲ್ಲಿ ಕೂತು ಓದಿ ಹೇಳಿದಳು, ನಾನೇ ಬರೆದಿಟ್ಟ ಹಾಳೆ ಎಂದು ನಂಬಿಸಿದ್ದೆ. ಮುಗಿಸಿ, "ಒತ್ತು ಕಣಮ್ಮ" ಅಂದೆ. ಮೇಲುಗಡೆ ಒತ್ತಿದಳು. ಚುಕ್ಕಿ ಕೆಳಗೆ ಬಿತ್ತು! ಕೆಳಗೆ ಒತ್ತಿದರೆ ಮೇಲೆ ಬೀಳುತ್ತದೆ. ಪಕ್ಕದ ಮನೆಯ ಅಂಬೆಗಾಲಿಡುವ ಕೂಸು ನನ್ನ ಎತ್ತರಕ್ಕೆ ಬೆಳೆದಿದೆ, ನಾನು ಅದರ ಎತ್ತರಕ್ಕೆ ಇಳಿದಿದ್ದೇನೆ. "ತಾತ, ವಯಸ್ಸಾದ್ಮೇಲೆ ಕುಗ್ತಾರೆ ಅಂತಾರಲ್ಲ, ಇಷ್ಟೊಂದಾ?" ಅಂತ ಬುಗುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಲದ್ದಕ್ಕೆ, ಒಂದು ಸಲ ಒತ್ತಿದರೆ ಒಮ್ಮೊಮ್ಮೆ ಎರಡು ಚುಕ್ಕಿ. ಕೈ ಸ್ವಲ್ಪ ಜರುಗಿದರೆ ಸಾಕು, ಒಂದರ ಪಕ್ಕ ಇನ್ನೊಂದು, ಅವಳಿಜವಳಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಗಬಾರದೆಂದು ನಿಮ್ಮ ಹಾಳೆಯನ್ನೂ ನಾನು ಕುಟ್ಟಿದ್ದನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಒಂದೂ ತಪ್ಪಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಳಿಸುವ ಮುಂಚೆ ಒಂದೇ ಒಂದು ಸಲ ನೀವೇ ಓಡಿಸಿ ನೋಡಬಹುದಿತ್ತಲ್ಲ? ಅಷ್ಟು ದೊಡ್ಡ ಆಫೀಸಿನಲ್ಲಿ ಅಷ್ಟೂ ಪುರುಸೊತ್ತು ಸಿಗುವುದಿಲ್ಲವೇ? ಮಗುವಿನ ಕೆಲಸ ಅಂತ ತಾತ್ಸಾರವೇ? ಬಾಯಿಗೆ ಬಂದದ್ದನ್ನು ಬರೆದೆ. ಹೊಡೆದುಹಾಕುವುದಿಲ್ಲ.

ಅವಳು ನನ್ನ ಭುಜ ಮುಟ್ಟುತ್ತಾಳೆ. ಶೂ ಹಾಕಿಕೊಂಡರೆ ಇನ್ನೂ ಸ್ವಲ್ಪ.

ಕುಗ್ಗಿಹೋಗಿರುವ,
ಬುಗುರಿಯ ತಾತ


ಫೆಬ್ರವರಿ 12

ಮಾವನವರಿಗೆ,

ತಾತ್ಸಾರವಲ್ಲ. ಓಡಿಸಿ ನೋಡಲು ನನ್ನ ಹತ್ತಿರ ಕಂಪ್ಯೂಟರ್ ಇಲ್ಲ.

ಈ ವಾಕ್ಯ ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕಳೆದ ವರ್ಷ ನಮ್ಮ ವಿಭಾಗವನ್ನೇ ಮುಚ್ಚಿದರು. ಕಂಪ್ಯೂಟರು ಆಫೀಸಿನದು, ಬಾಗಿಲ ಕಾರ್ಡಿನ ಜೊತೆ ಅದನ್ನೂ ಮೇಜಿನ ಮೇಲಿಟ್ಟು ಬಂದೆ. ಬೇರೆ ಕಡೆ ಕೇಳಿದೆ, ಸಿಗಲಿಲ್ಲ. ಈಗ ಒಂದು ಪಾರ್ಸೆಲ್ ಗೋಡೌನಿನಲ್ಲಿದ್ದೇನೆ. ಓಡುವ ಬೆಲ್ಟಿನ ಮೇಲೆ ಡಬ್ಬಿಗಳು ಬರುತ್ತಿರುತ್ತವೆ, ಚೀಟಿ ನೋಡಿ ಆಯಾ ಬಂಡಿಗೆ ಎತ್ತಿ ಹಾಕಬೇಕು. ಹಳದಿ ಜಾಕೆಟ್ ಕೊಟ್ಟಿದ್ದಾರೆ, ಬೆನ್ನ ಮೇಲೆ ಹೊಳೆಯುವ ಪಟ್ಟಿ. ಡಬ್ಬಿ ಮುಂದೆ ಕೂರುವುದು ಕೆಲಸವೇ ಎಂದು ನೀವು ಕೇಳಿದ್ದಿರಿ. ಈಗ ಡಬ್ಬಿಗಳ ಮುಂದೆ ನಿಂತಿದ್ದೇನೆ.

ಭಾನುವಾರ ಬಂದಾಗಲೆಲ್ಲ ಬುಗುರಿ ಆಫೀಸಿನ ಕಥೆ ಕೇಳುತ್ತಿದ್ದಳು. ಎರಡು ಭಾನುವಾರ ಸುಳ್ಳು ಹೇಳಿದೆ, ಅವಳು ಕಣ್ಣರಳಿಸಿ ಕೇಳಿದಳು. ಮುಂದಿನ ಭಾನುವಾರ ಹೊಸ ಸುಳ್ಳು ಹೊಳೆಯಲಿಲ್ಲ. ನಿಮ್ಮ ಬೀದಿಯ ಬಸ್ ಸ್ಟಾಪಿನ ತನಕ ಬಂದವನು ಇಳಿಯಲೇ ಇಲ್ಲ. ಆಮೇಲೆ ಬರುವುದು ಇನ್ನೂ ಕಷ್ಟವಾಯಿತು. ಇಷ್ಟೇ ಮಾವ, ಬೇರೆ ಕಾರಣವಿಲ್ಲ. ಅವಳ ಅಮ್ಮನಿಗೆ ದಯವಿಟ್ಟು ಹೇಳಬೇಡಿ.

ಪ್ರೋಗ್ರಾಮನ್ನು ನೆನಪಿನಿಂದ ಬರೆದಿದ್ದೆ. ಎರಡು ತಪ್ಪಾಗಿವೆ. ಮೌಸ್ ಒತ್ತಿದ್ದು ಒಂದು ಸುದ್ದಿ, ಬೆರಳು ಬಿಟ್ಟದ್ದು ಇನ್ನೊಂದು ಸುದ್ದಿ. ಯಾವುದನ್ನು ಹಿಡಿಯಬೇಕೆಂದು ನೆನಪಾಗದೆ ಎರಡಕ್ಕೂ ಚುಕ್ಕಿ ಇಡಲು ಹೇಳಿಬಿಟ್ಟಿದ್ದೆ. ಬಿಟ್ಟದ್ದರ ಸಾಲನ್ನು ತೆಗೆದುಹಾಕಿ. ಇನ್ನೊಂದು, ಕಂಪ್ಯೂಟರು ಕಿಟಕಿಯ ಮೇಲಿನ ಅಂಚಿನಿಂದ ಕೆಳಕ್ಕೆ ಅಳೆಯುತ್ತದೆ, ನಾವು ನೆಲದಿಂದ ಮೇಲಕ್ಕೆ ಅಳೆಯುತ್ತೇವೆ. ಚುಕ್ಕಿ ಬರೆಯುವಾಗ ತಿರುಗಿಸಿದ್ದೆ, ಒತ್ತಿದ ಜಾಗವನ್ನು ಓದಿಕೊಳ್ಳುವಾಗ ತಿರುಗಿಸಲು ಮರೆತೆ. ಈ ಕೆಲಸಕ್ಕೆ ಸೇರಿದವರಿಗೆ ಮೊದಲು ಹೇಳಿಕೊಡುವ ಪಾಠವೇ ಅದು, ನೆನೆದರೆ ಮುಖ ಬಿಸಿಯಾಗುತ್ತದೆ. ಕಿಟಕಿಯ ಎತ್ತರ ನಾನೂರು. ಆ ನಾನೂರರಿಂದ ಒತ್ತಿದ ಜಾಗದ ಸಂಖ್ಯೆಯನ್ನು ಕಳೆಯಿರಿ, ಸರಿಹೋಗುತ್ತದೆ. ಸಾಲನ್ನು ಕೆಳಗೆ ಬರೆದಿದ್ದೇನೆ.

ಭುಜದ ತನಕ! ಗಿರಿಗಿರಿ ತಿರುಗುತ್ತಲೇ ಬೆಳೆದುಬಿಟ್ಟಳೇ.

ಇತಿ,
ತಲೆ ತಗ್ಗಿಸಿರುವ ಅಳಿಯ


ಫೆಬ್ರವರಿ 24

ಅಳಿಯಂದಿರಿಗೆ,

ಕೆಲಸ ಹೋದರೆ ಮನುಷ್ಯನೇ ಹೋದನೇ? ನಾನೇನು ಹುಟ್ಟುತ್ತಲೇ ಮೇಸ್ತ್ರಿಯೇ? ಬೇರೆಯವರ ಕಟ್ಟಡದ ನೆಲಮಾಳಿಗೆಯಲ್ಲಿ ಗ್ರೀಸು ಬಳಿದುಕೊಂಡು ಬದುಕಿದವನು. ನಿಮ್ಮನ್ನು ಬೈಯಬೇಕೆಂದು ಕೂತೆ. ಬೈಯುವ ಯೋಗ್ಯತೆ ನನಗಿಲ್ಲವೆಂದು ನೆನಪಾಯಿತು. ಆವತ್ತು ಆ ಮಾತು ನಾನು ಆಡಿರದಿದ್ದರೆ ನಿಮಗೆ ನಮ್ಮ ಮನೆಯ ಬಾಗಿಲಿಗೆ ಬರಲು ಇಷ್ಟು ಭಾರವಾಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪ್ರೋಗ್ರಾಂ ಈಗ ಹೇಳಿದ ಹಾಗೆ ಕೇಳುತ್ತದೆ. ಒಂದು ಸಲ ಒತ್ತಿದರೆ ಒಂದೇ ಚುಕ್ಕಿ, ಒತ್ತಿದಲ್ಲೇ. ಬುಗುರಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಬೀದಿಯವರನ್ನೆಲ್ಲ ಕರೆದು ಅಳೆದಳು, ಹಾಲಿನವನನ್ನೂ ಬಿಡಲಿಲ್ಲ. ಎಲ್ಲರಿಗೂ ಒಂದೇ ಮಾತು, "ನಮ್ಮ ತಾತ ಬರೆದಿದ್ದು, ಗೊತ್ತಾ?" ನನ್ನ ಮಗಳು ಟೀ ತಂದಿಟ್ಟು, ಹಿಂದೆ ನಿಂತು ನೋಡಿ, "ಅಪ್ಪಾ, ಈ ವಯಸ್ಸಲ್ಲಿ ಹೇಗೆ ಕಲಿತ್ರಿ?" ಅಂದಳು. ನನ್ನ ಮಗಳು ನನ್ನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ! ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸುಮ್ಮನೆ ಟೀ ಕುಡಿದೆ. ಇನ್ನೊಬ್ಬರ ಅಂಗಿ ಹಾಕಿಕೊಂಡು ಫೋಟೊಗೆ ನಿಂತ ಹಾಗಾಗಿತ್ತು.

ಮಾರ್ಚ್ 15ಕ್ಕೆ ಪ್ರದರ್ಶನ, ಶಾಲೆಯ ದೊಡ್ಡ ಹಾಲಿನಲ್ಲಿ, ಮಧ್ಯಾಹ್ನದ ಮೇಲೆ. ಯಾರು ಬೇಕಾದರೂ ಬರಬಹುದು, ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಬನ್ನಿ. ಅವಳು ನಿಮ್ಮನ್ನೂ ಗೋಡೆಗೆ ನಿಲ್ಲಿಸಿ ಅಳೆಯಲಿ. ಯಾವ ಜಾಕೆಟ್ಟಾದರೇನು?

ನಿಮ್ಮ ಹೆಸರಲ್ಲಿ ಟೀ ಕುಡಿದ,
ಮಾವ


ಮಾರ್ಚ್ 3

ಮಾವನವರಿಗೆ,

ಬರಲಾಗುವುದಿಲ್ಲ. ಆ ದಿನ ಪಾಳಿ ಇದೆ, ಬದಲಿಸಿಕೊಳ್ಳುವವರು ಯಾರೂ ಇಲ್ಲ. ನಿಮ್ಮ ಹೆಸರಲ್ಲೇ ಇರಲಿ, ಅವಳಿಗೆ ಒಳ್ಳೆಯದಾಗಲಿ.

ಇತಿ,
ಅಳಿಯ


ಮಾರ್ಚ್ 18

ಅಳಿಯಂದಿರಿಗೆ,

ಹೇಗೆ ಶುರು ಮಾಡಲಿ? ಮೂರು ದಿನದಿಂದ ನಾನು ಮನೆಯಿಂದ ಹೊರಗೆ ಹೋಗಿಲ್ಲ.

ಶಾಲೆಯ ಹಾಲ್ ಜನರಿಂದ ತುಂಬಿತ್ತು. ಬುಗುರಿಯ ಸರದಿ ಬಂದಾಗ ಟೀಚರು ನಮ್ಮ ಕಂಪ್ಯೂಟರನ್ನು ದೊಡ್ಡ ಪರದೆಗೆ ಜೋಡಿಸಿ, ಎಲ್ಲರಿಗೂ ಕಾಣಲೆಂದು ಕಿಟಕಿಯನ್ನು ಹಿಗ್ಗಿಸಿ ಇಡೀ ಗೋಡೆ ತುಂಬಿಸಿದರು. ನನಗೆ ಎದೆಯುಬ್ಬಿತು. ಮೊದಲು ಹೆಡ್ ಟೀಚರ್ ಬಂದು ಗೋಡೆಗೆ ನಿಂತರು. ಬುಗುರಿ ಅಳೆದಳು, ಒತ್ತಿದಳು. ಚುಕ್ಕಿ ಅವಳು ಒತ್ತಿದ ಜಾಗಕ್ಕಿಂತ ಎಷ್ಟೋ ಕೆಳಗೆ, ನರ್ಸರಿ ಮಕ್ಕಳ ಎತ್ತರದಲ್ಲಿ ಬಿತ್ತು. ಸಣ್ಣಗೆ ನಗು. ಬಲಗಡೆ ಒತ್ತಿ ಅಳಿಸಿದಳು, ಮತ್ತೆ ಒತ್ತಿದಳು. ಮತ್ತೆ ಅಲ್ಲೇ. "ಬೇರೆಯವರು ಬನ್ನಿ" ಅಂದಳು. ಒಂದನೇ ಕ್ಲಾಸಿನ ಪುಟ್ಟ ಹುಡುಗ ಬಂದ. ಅವನ ಚುಕ್ಕಿ ಕಾಣಿಸಲೇ ಇಲ್ಲ, ಪರದೆಯ ಕೆಳಗೆ ಬಿದ್ದುಹೋಯಿತು. "ಮಣ್ಣೊಳಗೆ ಹೋದ!" ಅಂತ ಯಾರೋ ಕೂಗಿದರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆ ಹುಡುಗ ಅಳತೊಡಗಿದ. ಬುಗುರಿ ಟಕ ಟಕ ಒತ್ತುತ್ತಲೇ ಇದ್ದಳು, ಕಿವಿ ಕೆಂಪಗೆ.

ನಾನು ಎದ್ದು ವೇದಿಕೆ ಹತ್ತಿದೆ. "ಮಗೂದು ತಪ್ಪಿಲ್ಲ, ಬರೆದವನು ನಾನು, ತಪ್ಪು ನಂದು" ಅಂದೆ. ಟೀಚರು ಒಳ್ಳೆಯವರು. "ಪರ್ವಾಗಿಲ್ಲ ಸರ್, ಏನಾಗಿರಬಹುದು ಹೇಳಿ, ಈಗಲೇ ಸರಿ ಮಾಡೋಣ" ಅಂದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ. ನನಗೇನು ಗೊತ್ತು, ಮಣ್ಣು? ಆ ಸಾಲುಗಳನ್ನು ಕುಟ್ಟಿದ್ದೇನೆಯೇ ಹೊರತು ಒಂದಾದರೂ ಅರ್ಥವಾಗಿತ್ತೇ? ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಬುಗುರಿ ನನ್ನ ಮುಖ ನೋಡಿದಳು, ಕಂಪ್ಯೂಟರ್ ಮುಚ್ಚಿದಳು, ಇಳಿದು ಹೋದಳು.

ಮನೆಗೆ ಬಂದ ಮೇಲೆ ನನ್ನ ಮಗಳು ಒಂದೇ ಪ್ರಶ್ನೆ ಕೇಳಿದಳು, "ಯಾರಪ್ಪಾ ಬರೆದದ್ದು?" ನಾನು ನೆಲ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

ನಿಮ್ಮನ್ನು ದೂರಲು ಬರೆದದ್ದಲ್ಲ. ಕಂಪ್ಯೂಟರಿಲ್ಲದೆ ಬರೆದಿರಿ. ಮಾಡದ ಕೆಲಸವನ್ನು ಮಾಡಿದೆನೆಂದು ಮೆರೆದವನು ನಾನು. ಆ ಮಗುವಿನ ಎದುರಿಗೆ ಹಿಡಿಯಷ್ಟಾಗಿಬಿಟ್ಟೆ.

ಇತಿ,
ಬುಗುರಿಯ ತಾತ


ಮಾರ್ಚ್ 25

ಮಾವನವರಿಗೆ,

ನಾನು ಅಲ್ಲಿದ್ದೆ.

ಪಾಳಿ ಇತ್ತು ಎಂದದ್ದು ಸುಳ್ಳಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೇಳದೆ ಕೇಳದೆ ಹೊರಟು ಬಂದೆ, ಜಾಕೆಟ್ ತೆಗೆಯಲೂ ನೆನಪಾಗಲಿಲ್ಲ. ಹಾಲಿನ ಹಿಂದಿನ ಬಾಗಿಲಲ್ಲಿ, ಕದದ ಮರೆಗೆ ನಿಂತಿದ್ದೆ. ದೂರದಿಂದ ಒಂದು ಸಲ ನೋಡಿ ಹೋಗಿಬಿಡೋಣ ಎಂದಷ್ಟೇ ಇದ್ದದ್ದು. ಅವಳು ವೇದಿಕೆ ಹತ್ತುವಾಗ ನನ್ನ ಅಮ್ಮನ ನಡಿಗೆ ಕಂಡಿತು.

ಟೀಚರು ಕಿಟಕಿ ಹಿಗ್ಗಿಸಿದ ಕ್ಷಣವೇ ನನಗೆ ಗೊತ್ತಾಯಿತು. ಅವಳು ಇನ್ನೂ ಮೌಸ್ ಮುಟ್ಟಿರಲಿಲ್ಲ. ಆ ನಾನೂರು, ಮಾವ! ಕಿಟಕಿ ಯಾವಾಗಲೂ ಅಷ್ಟೇ ಇರುತ್ತದೆಂದು ಬರೆದುಬಿಟ್ಟಿದ್ದೆ. ಪ್ರತಿ ಸಲ ಒತ್ತಿದಾಗಲೂ "ಈಗ ನೀನು ಎಷ್ಟೆತ್ತರ ಇದ್ದೀಯ?" ಎಂದು ಕಿಟಕಿಯನ್ನೇ ಕೇಳಬೇಕಿತ್ತು. ಚುಕ್ಕಿ ಬರೆಯುವ ಸಾಲಿನಲ್ಲಿ ಕೇಳಿದ್ದೇನೆ, ನಿಮಗೆ ತಿದ್ದಿ ಕಳಿಸಿದ ಸಾಲಿನಲ್ಲಿ ಕೇಳಲಿಲ್ಲ. ಕಿಟಕಿ ಎಷ್ಟು ಬೆಳೆಯಿತೋ ಅಷ್ಟೂ ಚುಕ್ಕಿ ಕೆಳಗೆ ಜಾರಿತು.

ಅದಕ್ಕೆ ಮದ್ದು ಒಂದೇ ಮಾತು. "ಕಿಟಕಿ ಚಿಕ್ಕದು ಮಾಡು" ಎಂದು ನಾನಿದ್ದ ಜಾಗದಿಂದ ಕೂಗಿದ್ದರೆ ಸಾಕಿತ್ತು. ಎಲ್ಲ ಸರಿಹೋಗುತ್ತಿತ್ತು. ಕೂಗಿದರೆ ಹಾಲಿಗೆ ಹಾಲೇ ತಿರುಗಿ ನೋಡುತ್ತದೆ, ಈ ಜಾಕೆಟ್ ನೋಡುತ್ತದೆ. ಮೂರನೇ ಸಾಲಿನಲ್ಲಿ ಅವಳ ಅಮ್ಮ ಕೂತಿದ್ದಳು. ಕೂಗಲಿಲ್ಲ. ಆ ಪುಟ್ಟ ಹುಡುಗನ ಚುಕ್ಕಿ ಮಾಯವಾಯಿತು, ಎಲ್ಲರೂ ನಕ್ಕರು, ಆಗಲೂ ಸುಮ್ಮನಿದ್ದೆ. ಬಾಗಿದ ಬೆನ್ನು ಹೊತ್ತು ನೀವು ವೇದಿಕೆ ಹತ್ತಿ ನನ್ನ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡಿರಿ, ಆಗಲೂ. ನನ್ನ ಮಾನ ಉಳಿಸಿಕೊಳ್ಳಲು ನನ್ನ ಮಗಳ ಮಾನ ಹೋಗುವುದನ್ನು ನಿಂತು ನೋಡಿದೆ. ಆಮೇಲೆ ಅದನ್ನೂ ನೋಡಲಾರದೆ ಹೊರಟುಬಂದೆ.

ಕೆಲಸ ಹೋದದ್ದಕ್ಕೆ ನಾಚಿಕೆಪಟ್ಟಿದ್ದೆ. ಅದು ನಾಚಿಕೆಯೇ ಅಲ್ಲ. ನಾಚಿಕೆ ಅಂದರೆ ಏನೆಂದು ಈಗ ಗೊತ್ತಾಗಿದೆ.

ಸರಿಪಡಿಸಿದ ಸಾಲನ್ನು ಇದರೊಂದಿಗೆ ಇಟ್ಟಿದ್ದೇನೆ. ಈಗೇನು ಪ್ರಯೋಜನ, ಆದರೂ.

ಇತಿ,
ಅಳಿಯ ಎನ್ನಿಸಿಕೊಳ್ಳಲು ಲಾಯಕ್ಕಿಲ್ಲದವನು


ಏಪ್ರಿಲ್ 4

ಅಳಿಯನಿಗೆ,

ಇನ್ನು ಬಹುವಚನ ಗಿಹುವಚನ ಇಲ್ಲ. ಸಿಟ್ಟಿನಲ್ಲಿದ್ದೇನೆ.

ನಿನ್ನ ಕಾಗದ ಓದಿದ ದಿನ ಉರಿದು ಬಿದ್ದೆ. ಎಂಥ ಹೇಡಿಯಪ್ಪಾ ನೀನು! ಎರಡು ದಿನ ಬಿಟ್ಟು ಮತ್ತೆ ಓದಿದೆ. ವೇದಿಕೆಯ ಮೇಲೆ ಬಾಯಿ ಬಿಡಲಾರದೆ ನಿಂತವನೂ ನಾನೇ ತಾನೇ. ಇಬ್ಬರದೂ ಒಂದೇ ರೋಗ. ಆದರೆ ಈಗ ಹೇಳುವುದನ್ನು ಕೂತು ಓದು.

ನಿನ್ನೆ ಬುಗುರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿದೆ. ಆ ಪ್ರೋಗ್ರಾಂ ನನ್ನದಲ್ಲ, ನಿಮ್ಮಪ್ಪ ಬರೆದದ್ದು, ನಾನು ಸುಳ್ಳು ಹೇಳಿದೆ ಕಂದಾ ಅಂದೆ. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು "ಅದಕ್ಕೇ ಅಪ್ಪ ಬಂದಿದ್ರಾ?" ಅಂದಳು.

ಅವಳು ನಿನ್ನನ್ನು ನೋಡಿದ್ದಾಳೆ. ವೇದಿಕೆಯ ಮೇಲಿನಿಂದ ಹಿಂದಿನ ಬಾಗಿಲು ನೇರ ಕಾಣುತ್ತದೆ. ಹಳದಿ ಜಾಕೆಟ್ ಹಾಕಿಕೊಂಡು ಕದದ ಹಿಂದೆ ಅಡಗಿದ್ದೆಯಲ್ಲ, ಬುದ್ಧಿವಂತ! ನೀನು ಬಂದೆಯೆಂದೇ ಅವಳು ಅಷ್ಟು ಅವಸರದಲ್ಲಿ ಮತ್ತೆ ಮತ್ತೆ ಒತ್ತಿದ್ದು. ಹೇಗಾದರೂ ಸರಿಮಾಡಿ ನಿನಗೆ ತೋರಿಸಬೇಕೆಂದು. ಆಮೇಲೆ ತಲೆ ಎತ್ತಿ ನೋಡಿದರೆ ನೀನಿಲ್ಲ.

ಇಷ್ಟು ದಿನ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ನನ್ನ ಹತ್ತಿರ ಕೇಳಿದಳು, "ತಾತ, ಎಲ್ಲರೂ ನಕ್ರಲ್ಲ, ಅಪ್ಪಂಗೆ ನನ್ನಿಂದ ನಾಚಿಕೆ ಆಯ್ತಾ? ಅದಕ್ಕೇ ಹೊರಟೋದ್ರಾ?"

ಹಾಗಲ್ಲ ಅಂದೆ. ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನ ಮಾತು ಯಾಕೆ ನಂಬುತ್ತಾಳೆ?

ನೀನು ಕಳಿಸಿದ ಸಾಲನ್ನು ನಾನು ಹಾಕುವುದಿಲ್ಲ. ಅವಳು ಮೌಸ್ ಮುಟ್ಟುತ್ತಿಲ್ಲ. ಇನ್ನು ಲಿಫ್ಟ್ ಅಂಗಡಿಗೆ ಕಾಗದ ಹಾಕಬೇಡ. ಮನೆಗೇ ಹಾಕು, ಅವಳಿಗೇ ಬರೆ. ಅವಳ ಅಮ್ಮ ಓದಿದರೆ ಓದಲಿ.

ಇತಿ,
ಮಾವ


ಏಪ್ರಿಲ್ 9

ಬುಗುರಿಗೆ,

ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಎಷ್ಟೋ ಮೊದಲೇ ಬರೆಯಬೇಕಿತ್ತು.

ಶಾಲೆಯಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ. ಕಿಟಕಿ ದೊಡ್ಡದಾದಾಗ ಚುಕ್ಕಿ ಕೆಳಗೆ ಬೀಳುವ ಹಾಗೆ ಬರೆದವನು ನಾನು. ಕಿಟಕಿ ದೊಡ್ಡದಾಗಬಹುದೆಂದು ನನಗೆ ಹೊಳೆಯಲೇ ಇಲ್ಲ. ತಾತ ಟೈಪ್ ಮಾಡಿದ್ದರಲ್ಲಿ ತಪ್ಪಿಲ್ಲ. ನೀನು ಅಳೆದದ್ದರಲ್ಲಿ ತಪ್ಪಿಲ್ಲ. ನೀನು ಒತ್ತಿದ ಜಾಗ ಪ್ರತಿ ಸಲವೂ ಸರಿಯಾಗೇ ಇತ್ತು. ನಾನು ಹಿಂದೆ ನಿಂತು ನೋಡುತ್ತಿದ್ದೆ, ಒಂದು ಸಲವೂ ನಿನ್ನ ಕೈ ತಪ್ಪಲಿಲ್ಲ.

ನಿನ್ನಿಂದ ನನಗೆ ನಾಚಿಕೆಯಾಗಲಿಲ್ಲ ಕಂದಾ. ಯಾವತ್ತೂ ಆಗಿಲ್ಲ. ನನ್ನ ಬಗ್ಗೆಯೇ ನನಗೆ ನಾಚಿಕೆಯಾಗಿತ್ತು. ನನ್ನ ಆಫೀಸಿನ ಕೆಲಸ ಹೋಗಿ ಬಹಳ ದಿನವಾಯಿತು. ಕೊನೆಯ ಎರಡು ಭಾನುವಾರ ನಿನಗೆ ಹೇಳಿದ ಆಫೀಸಿನ ಕಥೆಗಳು ಸುಳ್ಳು. ಈಗ ನಾನು ಪಾರ್ಸೆಲ್‌ಗಳನ್ನು ವಿಂಗಡಿಸುತ್ತೇನೆ. ಅದನ್ನು ನಿನ್ನೆದುರು ಹೇಳಲು ಹೆದರಿದೆ, ಅದಕ್ಕೇ ಬರುವುದನ್ನು ಬಿಟ್ಟೆ. ಆವತ್ತು ನಾನು ಒಂದು ಮಾತು ಕೂಗಿದ್ದರೆ ಯಾರೂ ನಗುತ್ತಿರಲಿಲ್ಲ. ಕೂಗಲಿಲ್ಲ. ಜನ ನನ್ನನ್ನು ನೋಡುತ್ತಾರೆಂದು ನಿನ್ನನ್ನು ಒಬ್ಬಳನ್ನೇ ಬಿಟ್ಟೆ. ಇದಕ್ಕೆ ಏನು ಹೇಳಿದರೂ ಕಡಿಮೆ. ನನ್ನ ಮೇಲೆ ನಿನಗೆ ಸಿಟ್ಟು ಬರಬೇಕು, ಬರಲಿ. ಆದರೆ ನಿನ್ನ ಮೇಲೆ ನೀನು ಬೇಜಾರು ಮಾಡಿಕೊಳ್ಳಬೇಡ.

ಈ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಬಸ್ಸಿನಿಂದ ಇಳಿಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಬೆಲ್ ಒತ್ತುತ್ತೇನೆ. ನಿನಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಬಾಗಿಲು ತೆಗೆಯಬೇಡ. ನಾನು ಸ್ವಲ್ಪ ಹೊತ್ತು ನಿಂತು ಹೋಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ.

ಈ ಕಾಗದವನ್ನು ಅಮ್ಮನಿಗೂ ತೋರಿಸು.

ನಿನ್ನ,
ಅಪ್ಪ


ಏಪ್ರಿಲ್ 12

ಕಾಗದ ಬಂತು. ಅಂಚೆ ಭಾನುವಾರದೊಳಗೆ ತಲುಪುವುದಿಲ್ಲ, ಅದಕ್ಕೇ ನಿಮ್ಮ ಫೋನಿಗೆ ಬರೆಯುತ್ತಿದ್ದೇನೆ. ಅವಳು ಓದಿದಳು, ಆಮೇಲೆ ನಾನು ಓದಿದೆ. ಕೆಲಸ ಹೋದದ್ದನ್ನು ನನಗೆ ಹೇಳಬಹುದಿತ್ತು.

ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ತೆಗೆಯುವುದಿಲ್ಲ, ಅದು ಅವಳಿಗೇ ಬಿಟ್ಟದ್ದು. ಆದರೆ ನಮ್ಮ ಮನೆಯ ಬೆಲ್ ಕೆಟ್ಟಿದೆ, ಒತ್ತಿದರೆ ಒಳಗೆ ಕೇಳಿಸುವುದಿಲ್ಲ. ಬಾಗಿಲು ಬಡಿಯಿರಿ. ತೆಗೆಯದಿದ್ದರೆ ಸ್ವಲ್ಪ ತಡೆದು ಮತ್ತೆ ಬಡಿಯಿರಿ.

ಬುಗುರಿಯ ಅಮ್ಮ